ಅಲುಗುವ ಕೀಲು

—ವೃತ್ತವಲ್ಲ, ಅಂಡಾಕಾರವೆಂದರೂ ಪೂರ್ತಿ ಸರಿಯಲ್ಲ, ಭೂತಗನ್ನಡಿಯ ಕೆಳಗೆ ಅದು ಒಂದೇ ಕಡೆಗೆ ಜಗ್ಗಿದಂತಿದೆ, ಹಳೆಯ ಅಂಗಿಯ ಗುಂಡಿಮನೆ ಜಗ್ಗುವ ಹಾಗೆ, ಮೇಲಂಚು ಇನ್ನೂ ಅಚ್ಚುಕಟ್ಟಾದ ಕಮಾನು, ಕೆಳಗಂಚು ಮಾತ್ರ ಹಿಂದೆ ಸರಿದು ಹೊಳಪೇರಿದೆ, ಕಿಟಕಿಯ ಬೆಳಕು ಆ ತೂತಿನಿಂದ ಇಳಿದು ನನ್ನ ಹೆಬ್ಬೆರಳಿನ ಮೇಲೆ ಒಂದು ಕಾಳಿನಷ್ಟು ಬಿದ್ದಿದೆ, ಉಕ್ಕು ಸವೆಯುವಾಗ ಇಷ್ಟು ನುಣುಪಾಗಿ ಸವೆಯುತ್ತದೆಂದು ನನ್ನ ಪಠ್ಯಪುಸ್ತಕಗಳು ಹೇಳಿರಲಿಲ್ಲ, ಘರ್ಷಣೆಯ ಅಧ್ಯಾಯದಲ್ಲಿ ಇದ್ದದ್ದು ಇಳಿಜಾರು ಹಲಗೆಯ ಮೇಲಿನ ಒಂದು ಮರದ ತುಂಡು, ಆ ತುಂಡಿಗೆ ಮನೆಮಂದಿ ಇರಲಿಲ್ಲ. ಇದು ಅಪ್ಪನ ಕ್ಷೌರಕತ್ತಿ, ಆಮೇಲೆ ಅಣ್ಣನದಾಗಿತ್ತು, ಅಣ್ಣ ಹೋದ ಮೇಲೆ ಯಾರದೂ ಅಲ್ಲ, ಕನ್ನಡಿಯ ಕೆಳಗಿನ ಖಾನೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು — ಮಲಗಿತ್ತು ಎನ್ನಬಾರದು, ಇತ್ತು ಎನ್ನಬೇಕು. ಕೊಂಬಿನ ಹಿಡಿಯ ಎರಡು ಹೋಳುಗಳ ನಡುವೆ ಕತ್ತಿಯ ಬುಡವನ್ನು ಹಿಡಿದಿಟ್ಟಿದ್ದ ಹಿತ್ತಾಳೆಯ ಮೊಳೆಯನ್ನು ಬೆಳಿಗ್ಗೆಯೇ ತಲೆ ಅರೆದು ಈ ತೂತಿನಿಂದ ಹೊರಕ್ಕೆ ತಟ್ಟಿದೆ, ಈಗ ಮೂರು ತುಂಡುಗಳು ಬಿಳಿಯ ಕಾಗದದ ಮೇಲೆ ಪಕ್ಕಪಕ್ಕ ಇವೆ, ನಾನು ಅವುಗಳನ್ನು ಕಾಗದದ ಅಂಚಿಗೆ ಸಮಾನಾಂತರವಾಗಿ ಇಟ್ಟಿದ್ದೇನೆ, ಹಾಗಿಡುವ ಅಗತ್ಯವಿರಲಿಲ್ಲ. ಪರದೆಯ ಆಚೆ ಅಂಗಡಿಯಲ್ಲಿ ಅಪ್ಪ ಕತ್ತರಿ ಆಡಿಸುತ್ತಿದ್ದಾರೆ, ಚಿಕ್ ಚಿಕ್ ಚಿಕ್, ನಡುವೆ ಒಂದು ಮೌನ, ಕತ್ತರಿಗೆ ಬಾಚಣಿಗೆಯ ಆಸರೆ ಇರುತ್ತದೆ, ಆದ್ದರಿಂದ ಕತ್ತರಿ ಹಿಡಿಯುತ್ತಾರೆ, ಕತ್ತಿ ಹಿಡಿಯುವುದಿಲ್ಲ, ಗಡ್ಡಕ್ಕೆ ಬಂದವರಿಗೆಲ್ಲ ಒಂದೇ ಉತ್ತರ, ಕತ್ತಿ ರಿಪೇರೀಲಿದೆ, ಕೀಲು ಸಡಿಲ ಆಗಿದೆ, ಮಗಳು ಸರಿ ಮಾಡ್ತಿದಾಳೆ. ಬಿಸಾಡುವ ಬ್ಲೇಡು ಸಿಕ್ಕಿಸೋ ಕತ್ತಿ ಇದೆಯಲ್ಲ, ಅದರಲ್ಲಿ ಹೆರೀರಿ ಸಾಕು, ಎಂದು ಕುರ್ಚಿಯ ಸರದಿಗೆ ಕಾಯುತ್ತ ಕೂತ ಪೋಸ್ಟ್‌ಮಾಸ್ಟರ್ ಹೇಳುತ್ತಿರುವುದು ಕೇಳಿಸುತ್ತಿದೆ, ನಿವೃತ್ತರಾದರೂ ಅವರು ಎಲ್ಲರಿಗೂ ಪೋಸ್ಟ್‌ಮಾಸ್ಟರೇ, ಅದು ಆಟದ ಸಾಮಾನು ಎಂದರು ಅಪ್ಪ, ಅದನ್ನ ಹಿಡಿದು ನಿಮ್ಮ ಮುಖ ಮುಟ್ಟಿದ್ರೆ ನಿಮಗೆ ಅವಮಾನ. ಅವಮಾನ ಆಗಲಿ ಬಿಡ್ರಿ, ಕೆರೆತ ಆಗ್ತಿದೆ, ಮನೇಲಿ ಮೊಮ್ಮಗು ನನ್ನ ಕಂಡು ಅಳ್ತದೆ. ಇವತ್ತು ಸಾಯಂಕಾಲ ಬನ್ನಿ, ಇವತ್ತು ಆಗ್ತದೆ. ಬರೋದೇನು, ಇಲ್ಲೇ ಕೂತಿರ್ತೀನಿ, ಎದ್ದು ಹೋದ್ರೆ ಅಷ್ಟರಲ್ಲಿ ಇನ್ನೊಂದು ಇಂಚು ಬೆಳೀತದೆ. ಅಪ್ಪ ನಗಲಿಲ್ಲ, ಕತ್ತರಿ ಮತ್ತೆ ಶುರುವಾಯಿತು.

ಸವೆದದ್ದು ಕೆಳಗಂಚು. ಅಪ್ಪನ ಕೈ ಕತ್ತಿಯನ್ನು ಬಿಡಿಸುತ್ತಿದ್ದದ್ದು ಹೆಬ್ಬೆರಳಿನಿಂದ ನಿಧಾನವಾಗಿ ಮೇಲೆತ್ತಿ, ಪುಸ್ತಕದ ಮುಚ್ಚಿದ ಹೊದಿಕೆಯನ್ನು ಎತ್ತುವ ಹಾಗೆ, ಅದರಿಂದ ರಂಧ್ರ ಸುತ್ತಲೂ ಸಮನಾಗಿ ಸವೆಯಬೇಕಿತ್ತು, ಒಂದೇ ಕಡೆ ಸವೆಸಿದ್ದು ಅಣ್ಣ, ಅವನು ಕತ್ತಿಯನ್ನು ಬಿಡಿಸುತ್ತಿರಲಿಲ್ಲ, ಝಾಡಿಸುತ್ತಿದ್ದ, ಹಿಡಿಯನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿ ಮಣಿಕಟ್ಟನ್ನು ಒಮ್ಮೆ ಕುಲುಕಿದರೆ ಕತ್ತಿ ಟಪ್ಪೆಂದು ತಾನೇ ತೆರೆದುಕೊಳ್ಳುತ್ತಿತ್ತು, ಕುರ್ಚಿಯಲ್ಲಿ ಕೂತವರ ಗಂಟಲು ಒಮ್ಮೆ ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು, ಹೆದರ್ಬೇಡಿ ಸ್ವಾಮಿ, ಇವತ್ತಿನವರೆಗೆ ಒಂದು ಕಿವಿಯೂ ಕೆಳಗೆ ಬಿದ್ದಿಲ್ಲ, ಬಿದ್ದಿದ್ರೆ ಗುಡಿಸಿಬಿಟ್ಟಿರ್ತೀವಿ ಅಷ್ಟೆ. ಝಾಡಿಸಬೇಡ ಅಂದೆ, ಕೀಲು ಸವೀತದೆ, ಎಂದು ಅಪ್ಪ ಹಿಂದಿನಿಂದ ಗದರುವರು, ಸವೆದರೆ ನಮ್ಮ ಪಾಯಿಂಟು ಇದಾಳಲ್ಲ, ಅಳೆದು ಸರಿಮಾಡ್ತಾಳೆ ಎನ್ನುವನು. ಪಾಯಿಂಟು ಎಂದರೆ ನಾನು, ದಶಮಾಂಶದ ಬಿಂದುವಿನಿಂದ ಬಂದ ಹೆಸರು, ಒಂದು ಸಲ ಅಮ್ಮ ಉಪ್ಪು ಎಷ್ಟು ಹಾಕಲಿ ಎಂದು ಕೇಳಿದಾಗ ಎಷ್ಟು ನೀರಿಗೆ ಎಂದು ನಾನು ಕೇಳಿದ್ದೆನಂತೆ, ಅವತ್ತಿನಿಂದ ಅಣ್ಣನ ಬಾಯಲ್ಲಿ ನನ್ನ ನಿಜವಾದ ಹೆಸರು ಬರಲೇ ಇಲ್ಲ, ಏನೇ ಪಾಯಿಂಟು, ಊಟ ಆಯ್ತಾ, ಎಷ್ಟು ಶೇಕಡ ಆಯ್ತು. ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿದಾಗ ಅವನು ಇಡೀ ಬೀದಿಗೆ ಹೇಳಿಕೊಂಡು ಬಂದ, ನನ್ನ ತಂಗಿ ಅಳತೆಗೋಲನ್ನೇ ಅಳೀತಾಳೆ ಕಣ್ರೋ, ಅವಳನ್ನ ಅಳೆಯೋ ಗಂಡು ಇನ್ನು ಹುಟ್ಟಬೇಕು. ಈಗ ಅವನು ಸವೆಸಿದ್ದನ್ನು ಅಳೆಯುತ್ತಿದ್ದೇನೆ, ಕ್ಯಾಲಿಪರಿನ ಸಣ್ಣ ದವಡೆಗಳು ರಂಧ್ರದೊಳಗೆ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ವ್ಯತ್ಯಾಸ ಒಂದು ಕೂದಲಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ, ಒಬ್ಬ ಮನುಷ್ಯ ಅಷ್ಟು ವರ್ಷ ನಗಿಸಿದ್ದಕ್ಕೆ ಉಕ್ಕಿನಲ್ಲಿ ಉಳಿದದ್ದು ಅಷ್ಟು. ಇದನ್ನು ದುಂಡಗೆ ಮಾಡಬೇಕಾದರೆ ಸವೆಯದ ಕಡೆಯನ್ನೂ ಅರೆದು ಸವೆದ ಕಡೆಗೆ ಸರಿಗಟ್ಟಬೇಕು, ಆಗ ಯಾವುದು ಅಪ್ಪನ ಕೈ, ಯಾವುದು ಅಣ್ಣನ ಕೈ ಎಂದು ಯಾವ ಗಾಜಿನ ಕೆಳಗೂ ಕಾಣುವುದಿಲ್ಲ, ಆ ಪುಡಿ ಎಣ್ಣೆಯಲ್ಲಿ ಬೆರೆತು ಕಪ್ಪು ಕೆಸರಾಗುತ್ತದೆ, ಅದನ್ನು ಒರೆಸಿ ಬಿಸಾಡಬೇಕು, ಎಲ್ಲಿ ಬಿಸಾಡುವುದು.

ಅವನೇ ಸವೆಸಿದ್ದು, ಎಂದು ಅಪ್ಪ ಹೇಳುತ್ತಾರೆ, ಬಂದವರಿಗೆಲ್ಲ ಹೇಳುತ್ತಾರೆ, ಝಾಡಿಸಿ ಝಾಡಿಸಿ ಕೀಲು ಹಾಳುಮಾಡಿಟ್ಟ, ಅದಕ್ಕೇ ಅವತ್ತು ಕತ್ತಿ ಹೊರಳ್ತು, ನನ್ನ ಕೈಯಲ್ಲಿ ಇಷ್ಟು ವರ್ಷದಲ್ಲಿ ಹೊರಳಿದ್ದುಂಟಾ. ಅವತ್ತು ಎಂದರೆ ಆಸ್ಪತ್ರೆಯ ಆ ಪಕ್ಕದ ಕೋಣೆ, ಹಸಿರು ಬಣ್ಣ ಅರ್ಧ ಗೋಡೆಯವರೆಗೆ, ಮೇಲೆ ಸುಣ್ಣ, ಎತ್ತರದಲ್ಲಿ ಒಂದು ಕಿಟಕಿ, ಜ್ವರ ಮೆದುಳಿಗೆ ಹತ್ತಿ ಹಾಸಿಗೆಯಲ್ಲಿ ಮಾತಿಲ್ಲದೆ ಮಲಗಿದ್ದಷ್ಟು ದಿನವೂ ಅಣ್ಣನ ಗಡ್ಡ ಮಾತ್ರ ತನ್ನ ಪಾಡಿಗೆ ಬೆಳೆದಿತ್ತು, ದಿನಕ್ಕೆರಡು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದವನು, ಸಾಯಂಕಾಲದ ನೆರಳು ಗಲ್ಲದ ಮೇಲೆ ಬಿದ್ದರೂ ಸಹಿಸದವನು, ಉಸಿರು ನಿಂತ ಮೇಲೆ, ಅವನನ್ನು ಒಯ್ಯಲು ಜನ ಸೇರುವ ಮೊದಲು ಅಪ್ಪ ಮನೆಗೆ ಹೋಗಿ ಬಂದರು, ಬಟ್ಟೆ ಸುತ್ತಿದ ಕತ್ತಿ, ಬ್ರಷ್ಷು, ಸೋಪಿನ ಬಟ್ಟಲು, ಈ ಗಡ್ಡ ಬಿಟ್ಕೊಂಡು ನನ್ನ ಮಗ ಹೋಗೋದು ಬೇಡ ಎಂದರು, ಯಾರನ್ನೂ ಕೇಳಲಿಲ್ಲ, ನರ್ಸ್ ಏನೋ ಹೇಳಲು ಬಾಯಿ ತೆರೆದವಳು ಅಪ್ಪ ನೊರೆ ಏಳಿಸುವುದನ್ನು ನೋಡಿ ಬಾಗಿಲು ಮುಂದಕ್ಕೆಳೆದು ಹೋದಳು. ನಾನು ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದೆ. ಅಪ್ಪ ನೀರಿಗೆ ಬೆರಳದ್ದಿ ಬಿಸಿ ನೋಡಿದರು, ಹೆಚ್ಚಾಯ್ತು, ಸುಡ್ತದೆ ಎಂದರು, ನಾನು ತಣ್ಣೀರು ಬೆರೆಸಿದೆ, ಯಾರಿಗೆ ಸುಡುತ್ತದೆ ಎಂದು ನಾವಿಬ್ಬರೂ ಕೇಳಲಿಲ್ಲ. ಬಲಗೆನ್ನೆ ಮುಗಿಯಿತು, ಮೇಲ್ತುಟಿ ಮುಗಿಯಿತು, ಗಲ್ಲವನ್ನು ಎರಡು ಬೆರಳಿಂದ ಎತ್ತಿ ತಲೆ ಹೊರಳಿಸುವಾಗ ಅದು ಹೊರಳಲಿಲ್ಲ, ಸ್ವಲ್ಪ ಇತ್ಲಾಗೆ ತಿರುಗೋ ಎಂದರು ಅಪ್ಪ, ಅಭ್ಯಾಸಬಲ, ದಿನವೂ ನೂರು ಜನಕ್ಕೆ ಹೇಳುವ ಮಾತು, ಆಮೇಲೆ ತಾವೇ ಮಂಚದ ಆಚೆ ಬದಿಗೆ ಬಂದರು, ಎಡ ದವಡೆಯ ಕೆಳಗೆ ಕತ್ತಿ ಇಟ್ಟರು, ಕತ್ತಿ ಹೊರಳಿತು. ಒಂದು ಗೀರು. ಉಗುರಿನಷ್ಟು ಉದ್ದ, ಬಿಳಿ, ಎರಡೂ ಅಂಚು ಬಿಟ್ಟುಕೊಂಡದ್ದು.

ಸಾಕು, ಕೆಲಸ ನೋಡಬೇಕು, ಕತ್ತಿಯ ಅಲಗಿಗೆ ಕಾಗದ ಸುತ್ತಿ ಅಂಟುಪಟ್ಟಿ ಹಚ್ಚಿದೆ, ಬುಡವನ್ನು ಎರಡು ಮರದ ಚೂರುಗಳ ನಡುವೆ ಇಟ್ಟು ವೈಸಿನ ಇಕ್ಕಳಕ್ಕೆ ಬಿಗಿದೆ, ಹೆಚ್ಚು ಬಿಗಿದರೆ ಹಳೆಯ ಉಕ್ಕು ಗಾಜಿನಂತೆ ಸೀಳುತ್ತದೆ, ಕಡಿಮೆಯಾದರೆ ಅಲುಗುತ್ತದೆ, ಅಲುಗುತ್ತದೆ, ಈ ಮನೆಯಲ್ಲಿ ಈಗ ಇದೊಂದೇ ಕ್ರಿಯಾಪದ. ಆದರೆ ಹೊರಳಲು ಕೀಲು ಕಾರಣವಲ್ಲ. ನಾನು ಯೋಚಿಸಿ ನೋಡಿದ್ದೇನೆ, ಚಿತ್ರ ಬರೆದು ನೋಡಿದ್ದೇನೆ, ಕ್ಷೌರ ಮಾಡುವಾಗ ಬೆರಳುಗಳು ಹಿಡಿಯುವುದು ಹಿಡಿಯನ್ನಲ್ಲ, ಕತ್ತಿಯ ಬುಡವನ್ನೇ, ಮೂರು ಬೆರಳು ಬೆನ್ನ ಮೇಲೆ, ಹೆಬ್ಬೆರಳು ಕೆಳಗೆ, ಹಿಡಿ ಸುಮ್ಮನೆ ಕಿರುಬೆರಳಿನ ಪಕ್ಕ ಮೇಲಕ್ಕೆ ಚಾಚಿಕೊಂಡಿರುತ್ತದೆ, ಕೀಲು ಎಷ್ಟೇ ಸಡಿಲವಿರಲಿ, ಹಿಡಿ ಎಷ್ಟೇ ಅಲ್ಲಾಡಲಿ, ಅಲಗಿಗೆ ಅದರ ಸುದ್ದಿಯೇ ತಲುಪುವುದಿಲ್ಲ, ಸವೆದ ಕೀಲು ಕೆಡುಕು ಮಾಡುವುದು ಮುಚ್ಚುವಾಗ, ಅಲಗು ಓರೆಯಾಗಿ ಇಳಿದು ಕೊಂಬಿಗೆ ತಾಗಿ ಮೊಂಡಾಗುತ್ತದೆ, ಅಷ್ಟೇ ಅದರ ಅಪರಾಧ. ಇದು ಅಪ್ಪನಿಗೆ ಗೊತ್ತಿಲ್ಲವೆ, ಹಿಡಿ ಹಿಡೀಬೇಡ, ಕತ್ತಿ ಹಿಡಿ, ಹಿಡಿ ಇರೋದು ಜೇಬಿಗೆ ಎಂದು ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬುಡದ ಮೇಲೆ ಕೂರಿಸಿ ಕಲಿಸಿದ್ದು ಅಪ್ಪನೇ, ಸೋರೆಕಾಯಿಗೆ ಸೋಪು ಹಚ್ಚಿ ಹೆರೆಸಿ ಕಲಿಸಿದ್ದು, ಅಣ್ಣ ಆ ಸೋರೆಕಾಯಿಗೆ ಮೀಸೆ ಉಳಿಸಿ ಬೈಸಿಕೊಂಡದ್ದು. ಅಪ್ಪನಿಗೆ ಗೊತ್ತು. ಅಮ್ಮನಿಗೂ ಗೊತ್ತು. ಮಧ್ಯಾಹ್ನ ಊಟಕ್ಕೆ ಒಳಗೆ ಹೋದಾಗ ಅಮ್ಮ ತಟ್ಟೆ ಇಟ್ಟು ಎದುರಿಗೇ ಕೂತಳು, ಎಲ್ಲಿಗೆ ಬಂತು ಎಂದಳು, ಸಾಯಂಕಾಲಕ್ಕೆ ಆಗುತ್ತದೆ ಎಂದೆ, ಮಾಡಬೇಡ ಎಂದಳು. ನಾನು ತಲೆಯೆತ್ತಿ ನೋಡಿದೆ. ಬೆಳಿಗ್ಗೆ ನಿಮ್ಮಪ್ಪನಿಗೆ ಚಹಾ ಕೊಟ್ಟೆ, ಲೋಟ ಬಾಯಿಗೆ ಹೋಗೋದರೊಳಗೆ ಅರ್ಧ ಪಂಚೆ ಮೇಲೆ, ಲೋಟಕ್ಕೆ ಯಾವ ಕೀಲಿದೆಯೇ. ಡಾಕ್ಟರಿಗೆ ತೋರಿಸೋಣಮ್ಮ ಎಂದೆ. ತೋರಿಸಿದ್ರೆ ಏನಂತಾರೆ, ಕೈ ನಡುಕ ಅಂತಾರೆ, ಆಗ ಅವತ್ತು ಹೊರಳಿದ್ದೂ ಕೈಯೇ ಅಂತಾಗ್ತದೆ, ನೀನು ಅದನ್ನ ಸರಿಮಾಡಿ ಕೊಟ್ಟುಬಿಟ್ರೆ ಆ ಮನುಷ್ಯ ನಾಳೆಯಿಂದ ಯಾರನ್ನ ಬೈದ್ಕೊಂಡು ಬದುಕಬೇಕು, ಹೇಳು. ಅಣ್ಣನನ್ನು ಬೈಯುತ್ತಾರಲ್ಲ ಅಮ್ಮ, ಅದು ನಿನಗೆ ಸರಿಯೇ. ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು, ನಾನು ಬೇಡವೆಂದು ಕೈ ಅಡ್ಡ ಹಿಡಿದರೂ ಹಾಕಿದಳು, ಬೈಯಲಿ ಬಿಡು, ಬೈಯುವಾಗಲಾದರೂ ಅವನ ಹೆಸರು ಬಾಯಿಗೆ ಬರ್ತದಲ್ಲ.

ರಂಧ್ರದ ಒಳಮೈ ಅರೆಯುವ ರೀಮರ್ ತಿರುಗಿಸುತ್ತೇನೆ, ಕೈಯಿಂದಲೇ, ಯಂತ್ರಕ್ಕೆ ಕೊಟ್ಟರೆ ಬಿಸಿಯೇರಿ ಉಕ್ಕಿನ ಹದ ಹೋಗುತ್ತದೆ, ಬುಡದಲ್ಲಿ ಒಂದು ತಿಳಿನೀಲಿ ಛಾಯೆ ಮೂಡಿದರೂ ಮುಗಿಯಿತು, ವಜ್ರದ ಪುಡಿ ಲೇಪಿಸಿದ ಸಣ್ಣ ಮೊನೆ, ಒಂದು ಹನಿ ಎಣ್ಣೆ, ಅರ್ಧ ಸುತ್ತು, ನಿಲ್ಲು, ಬೆರಳಿಂದ ಮುಟ್ಟಿ ನೋಡು, ತಣ್ಣಗಿದೆ, ಅರ್ಧ ಸುತ್ತು. ಹೊಸಬರು ತಪ್ಪುವುದು ಇಲ್ಲೇ, ಮೊನೆ ತಾನಾಗಿ ಸವೆದ ಕಡೆಗೇ ಜಾರುತ್ತದೆ, ಜಾಗ ಇರುವ ಕಡೆ ಹೋಗುವುದು ಎಲ್ಲದರ ಸ್ವಭಾವ, ಆಗ ರಂಧ್ರ ದುಂಡಗಾಗುತ್ತದೆ ನಿಜ, ಕೇಂದ್ರ ಮಾತ್ರ ಕೆಳಗೆ ಸರಿದಿರುತ್ತದೆ, ಕತ್ತಿ ಮುಚ್ಚುವಾಗ ಅಲಗು ಕೊಂಬನ್ನೇ ಕಚ್ಚುತ್ತದೆ, ಹಳೆಯ ಕೇಂದ್ರ ಎಲ್ಲಿತ್ತೆಂಬುದಕ್ಕೆ ಉಳಿದಿರುವ ಸಾಕ್ಷಿ ಒಂದೇ, ಮೇಲಿನ ಆ ಸವೆಯದ ಕಮಾನು, ಅದನ್ನು ಅನುಸರಿಸಿ ವೃತ್ತ ಪೂರ್ಣಗೊಳಿಸಬೇಕು. ಅಪ್ಪನ ಕಮಾನು. ಪ್ರಯೋಗಾಲಯದಲ್ಲಿ ನಮ್ಮ ಮೇಲ್ವಿಚಾರಕರು ಮೊದಲ ದಿನ ಹೇಳಿದ್ದು, ಕಂಡದ್ದನ್ನ ಬರೀಬೇಕಮ್ಮ, ಬೇಕಾದದ್ದನ್ನಲ್ಲ, ಉಳಿದದ್ದೆಲ್ಲ ಆಮೇಲೆ ಕಲೀಬಹುದು. ಇಲ್ಲಿ ಎರಡು ದಾರಿಗಳಿವೆ, ನಾನು ಎರಡನ್ನೂ ಮುಂದಿಟ್ಟುಕೊಂಡು ನೋಡುತ್ತಿದ್ದೇನೆ, ಹಿತ್ತಾಳೆಯ ಕೊಳವೆಯಿಂದ ಎರಡು ಬುಷ್ ಕತ್ತರಿಸಿದ್ದೇನೆ, ರಂಧ್ರಕ್ಕೆ ತೊಡಿಸುವ ಸಣ್ಣ ಬಳೆಗಳು, ಒಂದು ರಂಧ್ರಕ್ಕೆ ಬಿಗಿಯಾಗಿ ಕೂರುವಂಥದ್ದು, ಇನ್ನೊಂದರ ಒಳಮೈ ತುಸು ಅಗಲ, ಮೊಳೆ ಅದರಲ್ಲಿ ಅಲುಗುತ್ತದೆ, ಅದನ್ನು ಹಾಕಿದರೆ ಅಪ್ಪ ಬಿಡಿಸಿ ನೋಡುತ್ತಾರೆ, ಅಲುಗಿತು, ಇನ್ನೂ ಸರಿಹೋಗಿಲ್ಲ, ಪೋಸ್ಟ್‌ಮಾಸ್ಟರ್ ಗಡ್ಡದ ಸಮೇತ ಮನೆಗೆ ಹೋಗುತ್ತಾರೆ, ನಾಳೆಯೂ ಅಪ್ಪ ಅಂಗಡಿ ತೆರೆಯುತ್ತಾರೆ, ಕೀಲು ಸಡಿಲ ಆಗಿದೆ, ಅವನೇ ಸವೆಸಿದ್ದು. ಬಿಗಿಯಾದದ್ದನ್ನು ಹಾಕಿದರೆ — ಬಿಗಿಯಾದದ್ದನ್ನು ಹಾಕಿದರೆ ಕತ್ತಿಯಲ್ಲಿ ದೋಷ ಉಳಿಯುವುದಿಲ್ಲ, ದೋಷ ಎಲ್ಲಿಗಾದರೂ ಹೋಗಲೇಬೇಕಲ್ಲ. ಅಗಲದ ಬುಷ್ಷನ್ನು ಎತ್ತಿಕೊಂಡೆ. ರಂಧ್ರದ ಬಾಯಿಗೆ ತಂದೆ. ಕೈ ಒಪ್ಪಲಿಲ್ಲ, ಇದನ್ನು ಧರ್ಮ ಎನ್ನುವಷ್ಟು ದೊಡ್ಡ ಮಾತು ಬೇಡ, ಕೆಟ್ಟದಾಗಿ ಕೂರುವ ಒಂದು ವಸ್ತುವನ್ನು ಕೂರಿಸಲು ಈ ಬೆರಳುಗಳಿಗೆ ಬರುವುದಿಲ್ಲ, ಅಪ್ಪನ ಮಗಳು ಅಷ್ಟೇ, ಅಪ್ಪ ಕೂಡ ಯಾರದೋ ಕಿವಿಯ ಹಿಂದೆ ಒಂದು ಕೂದಲು ಉಳಿಯಿತೆಂದು ಬೀದಿಯ ತಿರುವಿನವರೆಗೆ ಹೋಗಿ ಅವರನ್ನು ಕರೆತಂದದ್ದುಂಟು. ಬಿಗಿಯಾದದ್ದು ಒಳಗೆ ಹೋಯಿತು, ಸಣ್ಣ ಸುತ್ತಿಗೆಯಿಂದ ಅಂಚು ಹರಡಿಸಿದೆ, ಅರದಿಂದ ಮಟ್ಟ ಮಾಡಿದೆ, ಈಗ ಉಕ್ಕಿನ ಕಪ್ಪಿನ ನಡುವೆ ಹಿತ್ತಾಳೆಯ ಒಂದು ತೆಳು ಉಂಗುರ, ಪೂರ್ತಿ ವೃತ್ತ, ಅಣ್ಣ ಎಲ್ಲೂ ಇಲ್ಲ.

ಮೊಳೆ, ವಾಷರ್, ಕೊಂಬಿನ ಹೋಳು, ಬುಷ್, ಕೊಂಬಿನ ಇನ್ನೊಂದು ಹೋಳು, ವಾಷರ್, ಮೊಳೆಯ ತುದಿ ಕೂದಲೆಳೆಯಷ್ಟು ಹೊರಗೆ, ಅದರ ತಲೆಯನ್ನು ತಟ್ಟಿ ತಟ್ಟಿ ಅಣಬೆಯಂತೆ ಅರಳಿಸಬೇಕು, ಹೊಡೆಯುವುದಲ್ಲ, ತಟ್ಟುವುದು, ಮಗುವಿನ ಬೆನ್ನು ತಟ್ಟುವಷ್ಟು, ನಾಲ್ಕು ಸಲ ತಟ್ಟಿದರೆ ಒಮ್ಮೆ ಮುಚ್ಚಿ ನೋಡಬೇಕು, ಅಲಗು ಎರಡು ಹೋಳುಗಳ ನಟ್ಟನಡುವೆ ಇಳಿಯುತ್ತಿದೆ, ಎಲ್ಲಿಯೂ ತಾಗುತ್ತಿಲ್ಲ, ಸದ್ದಿಲ್ಲ, ನಾನು ಮಾಡಿದ ಕೆಲಸಗಳಲ್ಲಿ ಇಷ್ಟು ನಿರ್ದೋಷವಾದದ್ದು ಬೇರೆ ಇಲ್ಲ, ನನಗೆ ಅಳು ಬಂತು, ಒರೆಸಿಕೊಂಡೆ, ಪರದೆ ಸರಿಸಿದೆ. ಪೋಸ್ಟ್‌ಮಾಸ್ಟರ್ ಆಗಲೇ ಕುರ್ಚಿಯಲ್ಲಿದ್ದರು, ಕೊರಳಿಗೆ ಬಿಳಿಬಟ್ಟೆ, ಮುಖದ ತುಂಬ ನೊರೆ, ಅಪ್ಪ ನನ್ನನ್ನು ಕಾಯದೆ ನೊರೆ ಹಚ್ಚಿಬಿಟ್ಟಿದ್ದರು, ಬಾಮ್ಮ, ಇವರು ನನಗೆ ಸೋಪು ತಿನ್ನಿಸ್ತಿದಾರೆ, ಕತ್ತಿ ಆಯ್ತಾ ಎಂದರು ಅವರು, ನೊರೆಯ ನಡುವಿನಿಂದ. ಆಯ್ತು ಎಂದೆ. ಅಪ್ಪ ಕೈ ಒರೆಸಿಕೊಂಡರು, ಎರಡೂ ಬದಿ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು, ಕತ್ತಿ ತೆಗೆದುಕೊಂಡು ಹೆಬ್ಬೆರಳಿನಿಂದ ನಿಧಾನವಾಗಿ ಬಿಡಿಸಿದರು, ಮುಚ್ಚಿದರು, ಬಿಡಿಸಿದರು, ಅವರ ಕಿವಿ ಕೀಲಿನ ಹತ್ತಿರ ಹೋಯಿತು, ಅಲ್ಲಿ ಏನೂ ಕೇಳಿಸಲಿಲ್ಲ, ಏನೂ ಕೇಳಿಸುವುದಿಲ್ಲವೆಂದು ನನಗೆ ಗೊತ್ತು, ಒಳ್ಳೆ ಕೆಲಸ ಎಂದರು, ನನ್ನ ಕಡೆ ನೋಡಲಿಲ್ಲ, ಮೂರು ಬೆರಳು ಬುಡದ ಬೆನ್ನ ಮೇಲೆ, ಹೆಬ್ಬೆರಳು ಕೆಳಗೆ, ಪೋಸ್ಟ್‌ಮಾಸ್ಟರ್ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಚೆಲ್ಲಿದರು, ಅಷ್ಟು ನಂಬಿಕೆ, ಗಂಟಲ ಗಂಟು ಒಮ್ಮೆ ಮೇಲೇರಿ ಇಳಿಯಿತು. ಎಡ ದವಡೆಯ ಕೆಳಗೆ, ಚರ್ಮಕ್ಕೆ ಇನ್ನೂ ತಾಗದ ಕತ್ತಿಯ ಬೆನ್ನಿನ ಮೇಲೆ ಬೀದಿಯ ಬೆಳಕಿನ ಒಂದು ಗೆರೆ ಇತ್ತು, ಆ ಗೆರೆ ನಡುಗುತ್ತಿತ್ತು, ಕೀಲು ಕದಲಲಿಲ್ಲ, ಹಿಡಿ ಕದಲಲಿಲ್ಲ, ಹಿಡಿ ಕತ್ತಿ ಮಣಿಕಟ್ಟು ಎಲ್ಲ ಒಂದಾಗಿ ನಡುಗುತ್ತಿದ್ದವು, ಕನ್ನಡಿಯಲ್ಲಿ ಅಪ್ಪ ಅದನ್ನು ನೋಡುತ್ತಿದ್ದರು, ನಾನು ಅಪ್ಪನನ್ನು ನೋಡುತ್ತಿದ್ದೆ, ಅವರ ಮುಖದಿಂದ ಏನೋ ಒಂದು ನಿಧಾನವಾಗಿ ಇಳಿದು ಹೋಗುತ್ತಿತ್ತು, ಇಷ್ಟು ದಿನ ಅವರನ್ನು ನಿಲ್ಲಿಸಿದ್ದ ಯಾವುದೋ ಒಂದು, ತುಟಿ ತೆರೆಯಿತು. ಇನ್ನೂ ಅಲುಗ್ತದೆ ಅಲ್ವೇನೇ, ಎಂದರು. ಆಜ್ಞೆಯಲ್ಲ, ದೂರಲ್ಲ, ಕೇಳಿದ್ದು, ಚಿಕ್ಕವರು ದೊಡ್ಡವರನ್ನು ಕೇಳುವ ಹಾಗೆ. ಹೌದಪ್ಪ, ಎಂದೆ, ಸ್ವಲ್ಪ ಇದೆ, ನನಗೂ ಕಾಣಿಸ್ತು, ತುಂಬ ಸವೆಸಿಬಿಟ್ಟಿದಾನೆ, ಒಂದು ಬುಷ್ಷಿಗೆ ಹೋಗೋದಲ್ಲ, ಕೊಡಿ. ಅಪ್ಪ ಉಸಿರು ಬಿಟ್ಟರು. ಹೇಳಿದ್ನಲ್ಲ, ಎಂದರು ಕನ್ನಡಿಗೆ, ಅವನೇ ಸವೆಸಿದ್ದು. ಪೋಸ್ಟ್‌ಮಾಸ್ಟರ್ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು, ಅಪ್ಪನ ಕೈ ನೋಡಿದರು, ಬಿಳಿಬಟ್ಟೆಯಿಂದ ತಾವೇ ನೊರೆ ಒರೆಸಿಕೊಂಡರು, ಅವಸರ ಏನಿಲ್ಲ ಬಿಡ್ರಿ, ನನ್ನ ಹೆಂಡತಿ ಹೇಳ್ತಿದ್ಲು, ಗಡ್ಡದಲ್ಲಿ ಸ್ವಲ್ಪ ಬುದ್ಧಿವಂತನ ಹಾಗೆ ಕಾಣ್ತೀನಂತೆ, ಇನ್ನೊಂದಷ್ಟು ದಿನ ಕಾಣೋಣ.

ಪರದೆಯ ಈಚೆ ಬಂದು ಕೂತಿದ್ದೇನೆ, ಕತ್ತಿ ಬಿಳಿಯ ಕಾಗದದ ಮೇಲೆ, ಕಾಗದದ ಅಂಚಿಗೆ ಸಮಾನಾಂತರವಾಗಿಲ್ಲ, ಇರಲಿ, ಕಂಡದ್ದನ್ನು ಹೇಳಲಿಲ್ಲ, ಬೇಕಾದದ್ದನ್ನು ಹೇಳಿದೆ, ಅಪ್ಪನಿಗೆ ಬೇಕಾದದ್ದು, ಅಮ್ಮನಿಗೆ ಬೇಕಾದದ್ದು, ತಪ್ಪನ್ನು ಎತ್ತಿ ಅವನ ಮೇಲಿಟ್ಟೆ, ನನ್ನ ಬಾಯಿಂದಲೇ, ತುಂಬ ಸವೆಸಿಬಿಟ್ಟಿದಾನೆ, ಅವನು ಇದ್ದಿದ್ದರೆ ನಗುತ್ತಿದ್ದ, ಅದೆಷ್ಟು ಶೇಕಡ ಸುಳ್ಳು ಪಾಯಿಂಟು ಎನ್ನುತ್ತಿದ್ದ, ನೂರು, ಅಣ್ಣ, ಪೂರ್ತಿ ನೂರು, ನಾಳೆ ಈ ಮೊಳೆಯನ್ನು ಮತ್ತೆ ಅರೆದು ತೆಗೆಯಬೇಕು, ಅಗಲದ ಬುಷ್ ಹಾಕಬೇಕು, ನಾಡಿದ್ದು ಇನ್ನೊಂದು, ಅಪ್ಪ ಇರುವವರೆಗೂ ಇದು ರಿಪೇರಿಯಲ್ಲಿಯೇ ಇರಬೇಕು, ಬಿಡಿಸುತ್ತೇನೆ, ಮುಚ್ಚುತ್ತೇನೆ, ಏನೂ ಅಲುಗುವುದಿಲ್ಲ, ಬಿಡಿಸುತ್ತೇನೆ, ಹಸಿರು ಗೋಡೆ, ಎತ್ತರದ ಕಿಟಕಿ, ಎಡ ದವಡೆಯ ಕೆಳಗೆ ಆ ಬಿಳಿ ಗೀರು, ಅಪ್ಪನ ಕೈ ಅಭ್ಯಾಸದಿಂದ ತಾನಾಗಿಯೇ ಜೇಬಿಗೆ ಹೋಗಿ ರಕ್ತ ನಿಲ್ಲಿಸುವ ಪಟಿಕದ ಕಲ್ಲು ತೆಗೆಯುತ್ತದೆ, ನನ್ನ ಬಟ್ಟಲಿನಲ್ಲಿ ಅದ್ದುತ್ತದೆ, ಗೀರಿನ ಮೇಲೆ ಒತ್ತುತ್ತದೆ, ನಿಲ್ತದೆ, ಈಗ ನಿಲ್ತದೆ ಎನ್ನುತ್ತಾರೆ, ತೆಗೆದು ನೋಡುತ್ತಾರೆ, ನಿಲ್ಲಬೇಕಾದದ್ದು ಬಂದಿಲ್ಲ, ಗೀರು ಒಣಗಿಯೇ ಇದೆ, ಬಿಳಿಯಾಗಿಯೇ ಇದೆ, ಅಪ್ಪ ಕಲ್ಲನ್ನು ಮತ್ತೆ ಒದ್ದೆಮಾಡುತ್ತಾರೆ, ಮತ್ತೆ ಒತ್ತಿ ಹಿಡಿಯುತ್ತಾರೆ, ಒತ್ತಿ ಹಿಡಿದುಕೊಂಡೇ